ಬ್ಯಾಂಕಿನ ಜೊತೆ ನಾಲ್ಕು ತಿಂಗಳು ಗುದ್ದಾಡಿದ್ದಕ್ಕೆ ದುಡ್ಡು ಸಿಗೋದು ಹೇಗೆ? (ಶಾರ್ಟ್ ಸೇಲ್, ಮೌಂಟನ್ ಹೌಸ್)

ಮಲ್ನಾಡ್_ಟ್ರೇಸಿ:

ಎಲ್ಲರಿಗೂ ನಮಸ್ಕಾರ. ನಾನಿರುವುದು ಕ್ಯಾಲಿಫೋರ್ನಿಯಾದ ಟ್ರೇಸಿಯಲ್ಲಿ. ಊರು ತೀರ್ಥಹಳ್ಳಿ ಹತ್ತಿರ. ರಿಯಲ್ ಎಸ್ಟೇಟ್ ಲೈಸೆನ್ಸ್ ತೆಗೆದುಕೊಂಡು ಮೂರು ವರ್ಷ ಆಯಿತು. ಸೇಲ್ಸ್‌ಪರ್ಸನ್ ಲೈಸೆನ್ಸ್, ಬ್ರೋಕರ್ ಬೇರೆಯವರು, ಅವರ ಕೈಕೆಳಗೆ ನನ್ನ ಕೆಲಸ. ಇಲ್ಲಿಯವರೆಗೆ ಒಂಬತ್ತು ಮನೆ ಮಾರಿಸಿದ್ದೇನೆ, ಎಲ್ಲಾ ಸಾದಾ ವ್ಯಾಪಾರ. ಇದು ಮೊದಲನೇ ಶಾರ್ಟ್ ಸೇಲ್, ಅಂದರೆ ಸಾಲ ಪೂರ್ತಿ ತೀರದ ಬೆಲೆಗೆ ಬ್ಯಾಂಕಿನ ಒಪ್ಪಿಗೆ ತಂದು ಮನೆ ಮಾರಿಸುವುದು. ತಲೆ ಕೆಟ್ಟು ಹೋಗಿದೆ.

ಮನೆ ಇಲ್ಲೇ ಪಕ್ಕದ ಊರು ಮೌಂಟನ್ ಹೌಸ್‌ನಲ್ಲಿದೆ. ಮಾಲೀಕರು ನಮ್ಮ ಪರಿಚಯದ ಕನ್ನಡದವರೇ, ನಾನು ಅಣ್ಣ ಅಂತಲೇ ಕರೆಯುವುದು. 2022ರ ಮೇ ತಿಂಗಳಲ್ಲಿ ಬೆಲೆ ನೆತ್ತಿಗೇರಿದ್ದಾಗ 10 ಲಕ್ಷ 40 ಸಾವಿರ ಡಾಲರಿಗೆ ಕೊಂಡರು. ಮೊದಲನೇ ಸಾಲ 8 ಲಕ್ಷ 32 ಸಾವಿರ, ಅದರ ಬೆನ್ನಿಗೇ ಎರಡನೇ ಸಾಲ 1 ಲಕ್ಷ 4 ಸಾವಿರ. ಕಳೆದ ವರ್ಷ ಕೆಲಸ ಹೋಯಿತು. ಎಂಟು ತಿಂಗಳು ಖಾಲಿ ಕೂತು, ಕೊನೆಗೆ ಆಸ್ಟಿನ್‌ನಲ್ಲಿ ಕಡಿಮೆ ಸಂಬಳಕ್ಕೆ ಸೇರಿದರು. ಕಂತು ನಿಂತುಹೋಗಿತ್ತು. ಈಗ ಮನೆಗೆ ಬಂದಿರುವ ಆಫರ್ 8 ಲಕ್ಷ 60 ಸಾವಿರ. ಎರಡೂ ಸಾಲ ತೀರಲು ಇದು ಸಾಲದು. ಅದಕ್ಕೇ ಬ್ಯಾಂಕಿನ ಒಪ್ಪಿಗೆ ಬೇಕಾಯಿತು.

ಆ ಒಪ್ಪಿಗೆ ತರೋಕೆ ನಾಲ್ಕು ತಿಂಗಳು ಹಿಡಿಯಿತು. ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದೇನೆ, 71 ಕರೆ. ಬ್ಯಾಂಕಿನ ಕಡೆ ನಮ್ಮ ಫೈಲ್ ನೋಡುವವರು ಮೂರು ಸಲ ಬದಲಾದರು. ಪ್ರತಿ ಸಲವೂ ಕಂತು ಯಾಕೆ ಕಟ್ಟಲಾಗಲಿಲ್ಲ ಅಂತ ಹೇಳುವ ಕಷ್ಟದ ಪತ್ರ, ಎರಡು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್, ಎರಡು ವರ್ಷದ ಟ್ಯಾಕ್ಸ್ ರಿಟರ್ನ್ ಮತ್ತೆ ಮೊದಲಿಂದ ಕೇಳಿದರು. ಅವರು ಕಳಿಸಿದ ಏಜೆಂಟ್ ಮನೆಗೆ 9 ಲಕ್ಷ 5 ಸಾವಿರ ಬೆಲೆ ಕಟ್ಟಿದ. ಅವನು ಹೋಲಿಸಿದ ಮನೆಗಳಿಗೆಲ್ಲಾ ಹೊಸ ಅಡುಗೆಮನೆ. ನಮ್ಮದರಲ್ಲಿ ನೆಲದ ಹಲಗೆ ಎದ್ದಿದೆ, ಹಿತ್ತಲಲ್ಲಿ ಬರೀ ಮಣ್ಣು. ಫೋಟೋ ತೆಗೆದು, ಹೋಲಿಕೆಗೆ ಸರಿಯಾದ ಮೂರು ಮನೆ ಹುಡುಕಿ ಕಳಿಸಿದ ಮೇಲೆ ಇಳಿದರು.

ಹೋದ ವಾರ ಒಪ್ಪಿಗೆ ಪತ್ರ ಬಂತು. ಖುಷಿಯಿಂದ ತೆರೆದು ನೋಡಿದರೆ ಕಮಿಷನ್ ಕತ್ತರಿಸಿದ್ದಾರೆ. ನಾವು ಬರೆದಿದ್ದು ಎರಡೂ ಕಡೆಯ ಏಜೆಂಟರಿಗೆ ಸೇರಿ 5 ಪರ್ಸೆಂಟ್, ಅಂದರೆ 43,000. ಅವರು ಕೊಟ್ಟಿದ್ದು 4 ಪರ್ಸೆಂಟ್, 34,400. ನನ್ನ ಪಾಲು ಅರ್ಧ, 17,200. ಅದರಲ್ಲಿ ಬ್ರೋಕರಿಗೆ 30 ಪರ್ಸೆಂಟ್ ಹೋದರೆ ಕೈಗೆ 12,040. ಟ್ಯಾಕ್ಸ್ ಇನ್ನೂ ಕಳೆದಿಲ್ಲ. ಸಾದಾ ಮನೆಯ ಮೂರು ಪಟ್ಟು ಕೆಲಸ, ದುಡ್ಡು ಅದಕ್ಕಿಂತ ಕಡಿಮೆ!

ಈಗ ಇಬ್ಬರು ಎರಡು ದಾರಿ ತೋರಿಸುತ್ತಿದ್ದಾರೆ. ಅಣ್ಣನಿಗೆ ಪಾಪ ಅನ್ನಿಸಿ, "ಐದು ಸಾವಿರ ಝೆಲ್ ಮಾಡ್ತೀನಿ, ನಮ್ಮ ನಮ್ಮಲ್ಲೇ ಇರಲಿ" ಅಂತಿದ್ದಾರೆ, ಅಂದರೆ ಫೋನಿನಿಂದಲೇ ನನ್ನ ಖಾತೆಗೆ ದುಡ್ಡು. ಕೊಳ್ಳುವವರ ಏಜೆಂಟ್ ಇನ್ನೊಂದು ಹೇಳುತ್ತಾರೆ. "ನೆಗೋಶಿಯೇಶನ್ ಫೀಸ್ ಅಂತ 1.5 ಪರ್ಸೆಂಟ್ ನನ್ನ ಗಿರಾಕಿ ಕಡೆಯಿಂದ ಹಾಕಿಸೋಣ, ನನ್ನ ಫ್ರೆಂಡಿನ ಕಂಪನಿ ಹೆಸರಲ್ಲಿ. ಅರ್ಧ ನಿಮಗೆ."

ಅಪ್ಪನಿಗೆ ಫೋನಿನಲ್ಲಿ ಹೇಳಿದೆ. ಅವರು ಅಡಿಕೆ ಮಂಡಿಯ ಲೆಕ್ಕದಲ್ಲೇ ಯೋಚಿಸುವವರು. "ಮಾಲು ತೂಗೋಕೆ ಮುಂಚೆ ದಲ್ಲಾಳಿಗೆ ಯಾರಾದ್ರೂ ದುಡ್ಡು ಕೊಡ್ತಾರೇನೇ?" ಅಂದರು. ತೂಕ ಆದ ಮೇಲೂ ಕತ್ತರಿಸಿದ್ದಾರೆ ಅಪ್ಪ ಅಂದೆ. ನಕ್ಕರು.

ಇಷ್ಟು ದಿನ ಮಾತುಕತೆ ಆಡಿದ್ದಕ್ಕೆ ನೆಟ್ಟಗೆ ದುಡ್ಡು ತೆಗೆದುಕೊಳ್ಳೋ ದಾರಿ ಏನಾದರೂ ಇದೆಯಾ? ಅನುಭವ ಇದ್ದವರು ಹೇಳಿ.

ಬೆಣ್ಣೆದೋಸೆ_95391:

ಝೆಲ್ ಮುಟ್ಟಬೇಡಿ. ಉಳಿದದ್ದು ಗೊತ್ತಿದ್ದವರು ಹೇಳುತ್ತಾರೆ.

ಹಳೇ_ಸ್ಟಾಕ್ಟನ್:

ತಂಗಿ, ನಾನು ಗದಗದವನು. 2006ರಿಂದ ಸ್ಟಾಕ್ಟನ್, ಮಾಡೆಸ್ಟೋ ಕಡೆ ಇದೇ ಕೆಲಸ, ಬ್ರೋಕರ್ ಲೈಸೆನ್ಸ್ ಇದೆ. ನೀನು ಹೇಳುವ ಮೌಂಟನ್ ಹೌಸ್ ಈಗ ದೊಡ್ಡ ಊರು, 2024ರ ಜುಲೈನಲ್ಲಿ ನಗರವೂ ಆಯಿತು. ಆದರೆ 2008ರ ನವೆಂಬರಿನಲ್ಲಿ ಪೇಪರಿನಲ್ಲಿ ಅದರ ಹೆಸರು ಬಂದಿದ್ದು ಬೇರೆ ಕಾರಣಕ್ಕೆ. ಮನೆಯ ಬೆಲೆಗಿಂತ ಸಾಲವೇ ಜಾಸ್ತಿ ಇರುವವರು ಇಡೀ ಅಮೆರಿಕದಲ್ಲೇ ಅತಿ ಹೆಚ್ಚು ಇದ್ದದ್ದು ಅಲ್ಲಿ. ಹತ್ತು ಮನೆಯಲ್ಲಿ ಹತ್ತಿರ ಹತ್ತಿರ ಒಂಬತ್ತು. ನಾನು ಶಾರ್ಟ್ ಸೇಲ್ ಕಲಿತದ್ದು ಆ ಕಾಲದಲ್ಲಿ. ಕಲಿಯೋಕೆ ಕೊಟ್ಟ ಫೀಸೂ ದೊಡ್ಡದೇ.

ಅದನ್ನೇ ಮೊದಲು ಹೇಳುತ್ತೇನೆ. 2009ರಲ್ಲಿ ಸ್ಟಾಕ್ಟನ್ನಿನ ವೆಸ್ಟನ್ ರಾಂಚ್ ಬಡಾವಣೆಯಲ್ಲಿ ಒಂದು ಮನೆ ಸಿಕ್ಕಿತು. ಮಾಲೀಕ ಲಾರಿ ಡ್ರೈವರ್. 4 ಲಕ್ಷ 10 ಸಾವಿರಕ್ಕೆ ಕೊಂಡ ಮನೆಗೆ ಬಂದ ಆಫರ್ 1 ಲಕ್ಷ 35 ಸಾವಿರ! ನಾನು ಹೋಗುವ ಮುಂಚೆಯೇ ಅವನು ಒಂದು ಕಂಪನಿಗೆ "ಬ್ಯಾಂಕ್ ಜೊತೆ ಮಾತಾಡಿಕೊಡ್ತೀವಿ" ಅಂದಿದ್ದಕ್ಕೆ 1,500 ಡಾಲರ್ ಮುಂಗಡ ಕೊಟ್ಟು ಕೂತಿದ್ದ. ಅವರು ಫೋನೇ ಎತ್ತಲಿಲ್ಲ. ಆಗ ಎಲ್ಲಾ ಫ್ಯಾಕ್ಸ್. 58 ಹಾಳೆ, ಮೂರು ಸಲ. ಮೂರು ಸಲವೂ "ಬಂದಿಲ್ಲ" ಅಂದರು. ಹನ್ನೊಂದು ತಿಂಗಳಲ್ಲಿ ನಾಲ್ಕು ಗಿರಾಕಿ ಬಂದು ಹೋದರು. ಕೊನೆಗೆ ಒಂದು ಇಲಾಖೆ ಒಪ್ಪಿಗೆ ಪತ್ರ ಟೈಪ್ ಮಾಡುತ್ತಿತ್ತು, ಅದೇ ಬ್ಯಾಂಕಿನ ಇನ್ನೊಂದು ಇಲಾಖೆ ಮನೆಯನ್ನು ಹರಾಜು ಹಾಕಿತು. ನನಗೆ ಸಿಕ್ಕಿದ್ದು ಸೊನ್ನೆ. ಓಡಾಡಿದ ಪೆಟ್ರೋಲ್ ಖರ್ಚೂ ಹುಟ್ಟಲಿಲ್ಲ. (ಈಗ ಕ್ಯಾಲಿಫೋರ್ನಿಯಾದಲ್ಲಿ 2013ರಿಂದ ಹೋಮ್‌ಓನರ್ ಬಿಲ್ ಆಫ್ ರೈಟ್ಸ್ ಇದೆ. ಶಾರ್ಟ್ ಸೇಲಿಗೆ ಸಾಲ ಕೊಟ್ಟವರೆಲ್ಲರೂ ಬರವಣಿಗೆಯಲ್ಲಿ ಒಪ್ಪಿದ ಮೇಲೆ ಬ್ಯಾಂಕ್ ಹಾಗೆ ಹರಾಜು ಹಾಕೋದು ಸುಲಭ ಅಲ್ಲ. ಆಗ ಆ ಆಸರೆ ಇರಲಿಲ್ಲ.)

ಆ ಲಾರಿ ಡ್ರೈವರನ 1,500 ಡಾಲರ್ ಥರದ ದುಡ್ಡಿಗೆ ತಡೆ ಹಾಕೋಕೇ ಫೆಡರಲ್ ಟ್ರೇಡ್ ಕಮಿಷನ್ 2010ರಲ್ಲಿ ಒಂದು ನಿಯಮ ತಂದಿತು. ನಾವೆಲ್ಲ ಮಾರ್ಸ್ ರೂಲ್ ಅನ್ನುತ್ತೇವೆ. ಈಗ ಅದರ ಹೆಸರು ರೆಗ್ಯುಲೇಶನ್ ಓ. ಸಾಲದಲ್ಲಿ ಸಿಕ್ಕಿಕೊಂಡವರ ಪರವಾಗಿ ಬ್ಯಾಂಕಿನ ಜೊತೆ ಮಾತಾಡಿಕೊಡುತ್ತೇನೆ ಅನ್ನುವವರು ಮುಂಗಡ ಕೇಳುವ ಹಾಗಿಲ್ಲ. ಬ್ಯಾಂಕ್ ಬರವಣಿಗೆಯಲ್ಲಿ ಒಪ್ಪಬೇಕು, ಅದನ್ನು ಮಾಲೀಕರೂ ಒಪ್ಪಬೇಕು, ಆಮೇಲೆ ದುಡ್ಡು. ಲೈಸೆನ್ಸ್ ಇರುವ ನಮ್ಮಂಥವರು ಶಾರ್ಟ್ ಸೇಲ್ ಮಾಡಿಸುವಾಗ ಇದರ ಬಹುಪಾಲನ್ನು ಜಾರಿ ಮಾಡುವುದಿಲ್ಲ ಅಂತ 2011ರ ಜುಲೈನಲ್ಲಿ ಅವರೇ ಹೇಳಿದರು. ಆದರೆ ಸುಳ್ಳು ಹೇಳಿ ಗಿರಾಕಿ ಹಿಡಿದರೆ ಬಿಡುವುದಿಲ್ಲ.

ಈಗ ನಿನ್ನ ವಿಷಯ. ಮಾತುಕತೆ ಆಡಿದ್ದಕ್ಕೆ ಅಂತ ಬೇರೆ ಕೂಲಿ ಇಲ್ಲ, ತಂಗಿ. ಮನೆ ಮಾರಿಸಿದ್ದಕ್ಕೆ ಸಿಗುವ ಲಿಸ್ಟಿಂಗ್ ಕಮಿಷನ್ನಿನಲ್ಲೇ ಅದೂ ಸೇರಿಹೋಗಿದೆ. 71 ಕರೆ ಮಾಡಿದರೂ ಅಷ್ಟೇ, 7 ಮಾಡಿದರೂ ಅಷ್ಟೇ. ಮಾರಾಟ ಮುಗಿದು ಕ್ಲೋಸ್ ಆದರೆ ಉಂಟು, ಇಲ್ಲದಿದ್ದರೆ ಇಲ್ಲ.

ಅಣ್ಣನ ಝೆಲ್ ಬಗ್ಗೆ. ನಿನ್ನದು ಸೇಲ್ಸ್‌ಪರ್ಸನ್ ಲೈಸೆನ್ಸ್. ಈ ಕೆಲಸಕ್ಕೆ ನೀನು ದುಡ್ಡು ತೆಗೆದುಕೊಳ್ಳಬೇಕಾದದ್ದು ನಿನ್ನ ಬ್ರೋಕರ್ ಕೈಯಿಂದ ಮಾತ್ರ. ಮಾಲೀಕರ ಕೈಯಿಂದ ತೆಗೆದುಕೊಂಡರೆ ಲೈಸೆನ್ಸಿಗೇ ಕುತ್ತು. ಅದಕ್ಕಿಂತ ದೊಡ್ಡದು ಇನ್ನೊಂದಿದೆ. ಬ್ಯಾಂಕ್ ಒಂದು ಅಫಿಡವಿಟ್ ಕಳಿಸಿರುತ್ತದೆ, ನೋಡು. ಮಾರುವವರು, ಕೊಳ್ಳುವವರು, ಇಬ್ಬರು ಏಜೆಂಟರು, ಎಲ್ಲರೂ ಸಹಿ ಹಾಕಬೇಕು. ಒಪ್ಪಿಗೆ ಪತ್ರದಲ್ಲಿ ಇರುವುದನ್ನು ಬಿಟ್ಟು ಯಾರ ಮಧ್ಯೆಯೂ ಬೇರೆ ಕೊಡು-ಕೊಳ್ಳು ಇಲ್ಲ ಅಂತ. ಅದಕ್ಕೆ ಸಹಿ ಹಾಕಿ ಐದು ಸಾವಿರ ತೆಗೆದುಕೊಂಡರೆ ಬ್ಯಾಂಕಿಗೆ ಮಾಡಿದ ಮೋಸ. ಈ ದೇಶದ ಕಾಯಿದೆಯಲ್ಲಿ ಅದಕ್ಕೆ 30 ವರ್ಷದವರೆಗೂ ಜೈಲು ಬರೆದಿಟ್ಟಿದ್ದಾರೆ. ಅಷ್ಟು ಯಾರಿಗೂ ಕೊಡಲಿಕ್ಕಿಲ್ಲ. ಆದರೂ ಐದು ಸಾವಿರಕ್ಕೆ ಆ ಕಾಯಿದೆಯ ಹತ್ತಿರ ಹೋಗಬೇಕಾ?

ಕೊಳ್ಳುವವರ ಏಜೆಂಟ್ ಹೇಳಿದ ದಾರಿ ಇನ್ನೂ ಕೆಟ್ಟದ್ದು. ಮೂರನೆಯವರು ಬ್ಯಾಂಕಿನ ಜೊತೆ ಮಾತಾಡಿ, ಕೊಳ್ಳುವವರು ಅದಕ್ಕೆ ಫೀಸ್ ಕೊಡುವುದು ನಡೆಯುತ್ತದೆ. ಅದಕ್ಕೆ ಕ್ರಮ ಇದೆ. ಮಾತಾಡುವವರಿಗೆ ಕ್ಯಾಲಿಫೋರ್ನಿಯಾದ ಲೈಸೆನ್ಸ್ ಇರಬೇಕು. ಕೊಳ್ಳುವವರಿಗೆ ಆಫರ್ ಬರೆಯುವ ಮುಂಚೆಯೇ ಕಾಗದದಲ್ಲಿ ತಿಳಿಸಿರಬೇಕು. ಬ್ಯಾಂಕ್ ನೋಡಿ ಒಪ್ಪಿರಬೇಕು. ಮಾರಾಟದ ಕೊನೆಯ ಲೆಕ್ಕದಲ್ಲಿ, ಅಂದರೆ ಕ್ಲೋಸಿಂಗ್ ಸ್ಟೇಟ್‌ಮೆಂಟಿನಲ್ಲಿ, ಅದರದ್ದೇ ಒಂದು ಸಾಲು ಇರಬೇಕು. ನಿನ್ನ ವಿಷಯದಲ್ಲಿ ಮಾತಾಡಿದ್ದು ನೀನು, ಒಪ್ಪಿಗೆ ಬಂದಾಯಿತು. ಈಗ ಫ್ರೆಂಡಿನ ಕಂಪನಿ ಯಾವ ಕೆಲಸಕ್ಕೆ ಬಿಲ್ ಹಾಕುತ್ತದೆ? ಮಾಡದ ಕೆಲಸಕ್ಕೆ ಬಿಲ್, ಅದರಲ್ಲಿ ಅರ್ಧ ನಿನಗೆ. ಅದಕ್ಕೆ ಕಿಕ್‌ಬ್ಯಾಕ್ ಅಂತ ಹೆಸರು, ಮನೆ ವ್ಯವಹಾರದಲ್ಲಿ ಅದನ್ನು ತಡೆಯೋಕೇ ರೆಸ್ಪಾ ಅನ್ನುವ ಕಾಯಿದೆ ಇದೆ. ಆ ಏಜೆಂಟ್ ಜೊತೆ ಇನ್ನು ಮುಂದೆ ಫೋನ್ ಬೇಡ, ಈಮೇಲಿನಲ್ಲೇ ಮಾತಾಡು.

ಕಮಿಷನ್ ಕತ್ತರಿಸಿದ್ದು ಸರಿಯಾ ಅಂತ ಕೇಳುತ್ತೀಯ. ಸಾಲ, ಬ್ಯಾಂಕುಗಳಿಂದ ಮನೆ ಸಾಲ ಕೊಳ್ಳುವ ಫ್ಯಾನಿ ಮೇ ಸಂಸ್ಥೆಯ ಕೈಯಲ್ಲಿ ಇದ್ದಿದ್ದರೆ ನಾನೇ ಜಗಳ ಆಡು ಅನ್ನುತ್ತಿದ್ದೆ. ಲಿಸ್ಟಿಂಗಿನಲ್ಲಿ ಬರೆದ ಕಮಿಷನ್ 6 ಪರ್ಸೆಂಟ್ ದಾಟದಿದ್ದರೆ ಕಡಿಮೆ ಮಾಡಬಾರದು ಅಂತ ಅವರ ನಿಯಮ. ಹಾಗೆಯೇ ಮೂರನೆಯವರ ನೆಗೋಶಿಯೇಶನ್ ಫೀಸನ್ನು ಮಾರಾಟದ ದುಡ್ಡಿನಿಂದ ಕೊಡಬಾರದು ಅಂತಲೂ ಇದೆ. ಆದರೆ ನಿನ್ನ ಅಣ್ಣನದು 8 ಲಕ್ಷ 32 ಸಾವಿರದ ಸಾಲ. 2022ರಲ್ಲಿ ನಮ್ಮ ಸ್ಯಾನ್ ವಾಕೀನ್ ಕೌಂಟಿಯಲ್ಲಿ ಅವರು ಕೊಳ್ಳುವ ಸಾಲದ ಮಿತಿ 6,47,200. ಇದು ಜಂಬೋ ಸಾಲ. ಫ್ಯಾನಿ, ಅದರಂಥದ್ದೇ ಫ್ರೆಡ್ಡಿ ಮ್ಯಾಕ್ ಯಾರೂ ಕೊಳ್ಳುವುದಿಲ್ಲ. ಬ್ಯಾಂಕಿನ ಮನಸ್ಸೇ ಕಾಯಿದೆ.

ಇನ್ನು ನೆಟ್ಟಗಿನ ದಾರಿಗಳು. ಒಂದು, ಬ್ಯಾಂಕ್ ಬೆಲೆ ನೋಡುವುದಿಲ್ಲ, ತನ್ನ ಕೈಗೆ ಎಷ್ಟು ಬರುತ್ತದೆ ಅಂತ ನೋಡುತ್ತದೆ. ಈಗ 8,60,000ದಲ್ಲಿ 34,400 ಕಳೆದರೆ 8,25,600. ಕೊಳ್ಳುವವರು 8,65,000ಕ್ಕೆ ಬಂದು ಕಮಿಷನ್ 4.5 ಪರ್ಸೆಂಟ್ ಆದರೆ 38,925 ಕಳೆದು 8,26,075. ಬ್ಯಾಂಕಿಗೆ 475 ಡಾಲರ್ ಜಾಸ್ತಿಯೇ ಸಿಕ್ಕಿತು. ಹೀಗೆ ಲೆಕ್ಕ ತೋರಿಸಿ ನಾನು ಎರಡು ಸಲ ಗೆದ್ದಿದ್ದೇನೆ. ಆದರೆ ಆ ಐದು ಸಾವಿರ ಕೊಳ್ಳುವವರ ಜೇಬಿಂದ ಹೋಗುತ್ತದೆ, ಅವರಿಗೆ ಅದನ್ನು ಬಾಯಿಬಿಟ್ಟು ಹೇಳಬೇಕು. ಮತ್ತೆ ಹೊಸ ಒಪ್ಪಿಗೆ ಪತ್ರ ಬೇಕು, ಮತ್ತೆ ಮೂರು ವಾರ. ಪತ್ರ ಕೈಗೆ ಬಂದ ಮೇಲೆ ನಾನಾದರೆ ಅದನ್ನು ಅಲುಗಾಡಿಸುವುದಿಲ್ಲ. ಇದನ್ನು ಕೇಳಬೇಕಾದದ್ದು ಆಫರ್ ಕಳಿಸುವ ದಿನ.

ಎರಡನೆಯದು ನಿನಗೆ ಹೊಳೆದಿಲ್ಲ ಅನ್ನಿಸುತ್ತದೆ. ನಿನ್ನ ಬ್ರೋಕರನ್ನು ಕೇಳು! ಕಾಯಿದೆ ಪ್ರಕಾರ ನಿನಗೆ ದುಡ್ಡು ಕೊಡಬಹುದಾದ ಒಬ್ಬರೇ ಒಬ್ಬರು ಅವರು. ಈ ಫೈಲಿಗೆ ಮಾತ್ರ 70-30 ಬದಲು 85-15 ಮಾಡಿ ಅಂತ ಕೇಳು. ಆ 71 ಕರೆಯ ನೋಟ್‌ಬುಕ್ ತೆಗೆದುಕೊಂಡು ಹೋಗು. ಇಷ್ಟು ದಿನ ಅವರ ಆಫೀಸಿನಲ್ಲಿ ಯಾರಿಗೂ ಶಾರ್ಟ್ ಸೇಲ್ ಗೊತ್ತಿರಲಿಲ್ಲ, ಈಗ ನಿನಗೆ ಗೊತ್ತು. ಅದರ ಬೆಲೆ ಅವರಿಗೂ ಗೊತ್ತಾಗಲಿ.

ಮಲ್ನಾಡ್_ಟ್ರೇಸಿ:

ಸರ್, ಇಷ್ಟು ವಿವರವಾಗಿ ಬರೆದಿದ್ದಕ್ಕೆ ತುಂಬಾ ಥ್ಯಾಂಕ್ಸ್. ಅಫಿಡವಿಟ್ ಈಗ ಓದಿದೆ. ನಿಜ, ಮೂರನೇ ಪುಟದಲ್ಲೇ ಇದೆ. ಸುಮ್ನೆ ಸಹಿಗೆ ಅಂತ ಪಕ್ಕಕ್ಕೆ ಇಟ್ಟುಬಿಟ್ಟಿದ್ದೆ. ನಾಚಿಕೆ ಆಯಿತು.

ಒಂದೇ ಅನುಮಾನ. ಎರಡನೇ ಸಾಲದ ಬ್ಯಾಂಕಿಗೆ ಮೊದಲನೆಯವರು 10,000 ಬಿಟ್ಟುಕೊಟ್ಟಿದ್ದಾರೆ. ಎರಡನೆಯವರು ಇನ್ನೂ 2,000 ಬೇಕು ಅಂತ ಕೂತಿದ್ದಾರೆ. ಅಣ್ಣನೇ ಕೊಡಬೇಕಾ?

ಹಳೇ_ಸ್ಟಾಕ್ಟನ್:

ಕೊಡಬೇಕಾಗಿಲ್ಲ. 2011ರ ಜುಲೈನಲ್ಲಿ ಬಂದ ಎಸ್‌ಬಿ 458 ಅಂತ ಕಾಯಿದೆ ಇದೆ. ಕ್ಯಾಲಿಫೋರ್ನಿಯಾದಲ್ಲಿ ಶಾರ್ಟ್ ಸೇಲಿಗೆ ಒಪ್ಪಿದ ಬ್ಯಾಂಕ್, ಮೊದಲನೆಯದಿರಲಿ ಎರಡನೆಯದಿರಲಿ, ಮಾರಾಟದ ದುಡ್ಡು ಬಿಟ್ಟು ಮಾಲೀಕರ ಹತ್ತಿರ ಮೇಲೆ ಕೇಳುವ ಹಾಗಿಲ್ಲ. ಉಳಿದ ಸಾಲಕ್ಕೆ ಆಮೇಲೆ ಬೆನ್ನು ಹತ್ತುವ ಹಾಗೂ ಇಲ್ಲ. ಇದನ್ನು ನಯವಾಗಿ ಈಮೇಲಿನಲ್ಲಿ ಬರೆದು ಕಳಿಸು. ಸಾಮಾನ್ಯವಾಗಿ ಅಲ್ಲಿಗೆ ತಣ್ಣಗಾಗುತ್ತಾರೆ. ಆಗದಿದ್ದರೆ ಏಜೆಂಟರ ಕಮಿಷನ್ ಮೇಲೆ ಕಣ್ಣು ಹಾಕುತ್ತಾರೆ. ಅದಕ್ಕೆ ತಯಾರಿರು.

ಎಸ್ಕ್ರೋ_ಅಕ್ಕ:

ನಾನು ಫ್ರೀಮಾಂಟಿನಲ್ಲಿ ಎಸ್ಕ್ರೋ ಆಫೀಸಿನಲ್ಲಿ, ಅಂದರೆ ಮಾರಾಟದ ದುಡ್ಡು, ಕಾಗದ ಮಧ್ಯೆ ನಿಂತು ನೋಡಿಕೊಳ್ಳುವ ಕಡೆ, 14 ವರ್ಷದಿಂದ ಇದ್ದೇನೆ. ಮೇಲಿನವರು ಹೇಳಿದ್ದು ಸರಿ. ನನ್ನ ಮೇಜಿನಿಂದ ಕಾಣುವುದನ್ನು ಎರಡು ಮಾತಲ್ಲಿ ಹೇಳುತ್ತೇನೆ.

ಕ್ಲೋಸಿಂಗಿಗೆ ಎರಡು ಮೂರು ದಿನ ಮುಂಚೆ ನಾವು ಸ್ಟೇಟ್‌ಮೆಂಟನ್ನು ಬ್ಯಾಂಕಿಗೆ ಕಳಿಸಬೇಕು. ಅವರು ಅದನ್ನು ಒಪ್ಪಿಗೆ ಪತ್ರದ ಪಕ್ಕ ಇಟ್ಟು ಸಾಲು ಸಾಲು ನೋಡುತ್ತಾರೆ. ಪತ್ರದಲ್ಲಿ ಇಲ್ಲದ್ದು ಒಂದು ಡಾಲರ್ ಇದ್ದರೂ ವಾಪಸ್. ಒಮ್ಮೆ 212 ಡಾಲರಿನ ಕಸದ ಬಿಲ್ ಕೊನೇ ದಿನ ಹೊರಬಿತ್ತು. ಬ್ಯಾಂಕ್ ಆಗಲ್ಲ ಅಂದಿತು, ಮಾಲೀಕನ ಹತ್ತಿರ ಇರಲಿಲ್ಲ. ಇಬ್ಬರು ಏಜೆಂಟರು ನನ್ನ ಎದುರಿಗೇ ತಲಾ 106 ಡಾಲರ್ ಹಾಕಿದರು, ಅದನ್ನೂ ಬ್ಯಾಂಕಿಗೆ ತೋರಿಸಿಯೇ. ಹಾಗಾಗಿ ನೀರು, ಕಸ, ಪ್ರಾಪರ್ಟಿ ಟ್ಯಾಕ್ಸ್ ಬಾಕಿ ಎಷ್ಟಿದೆ ಅಂತ ಇವತ್ತೇ ಕೇಳಿ.

ಪತ್ರದ ಕೊನೇ ತಾರೀಖನ್ನು ಫ್ರಿಜ್ಜಿನ ಮೇಲೆ ಬರೆದು ಅಂಟಿಸಿ. ಅದು ದಾಟಿದರೆ ನಿಮ್ಮ 71 ಕರೆ ಮತ್ತೆ ಒಂದರಿಂದ ಶುರು.

ಕುಂದಾಪ್ರ_ಮಾಣಿ:

ನಾನು ಏಜೆಂಟ್ ಅಲ್ಲ, ಆ ಅಣ್ಣನ ಜಾಗದಲ್ಲಿ ಇದ್ದವನು. 2011ರಲ್ಲಿ ನಮ್ಮ ಮನೆ ಹೀಗೇ ಹೋಯಿತು. ಏಜೆಂಟ್ ಒಬ್ಬರು ಪಂಜಾಬಿ ಆಂಟಿ. ಏಳು ತಿಂಗಳು ನಮಗಾಗಿ ಬಡಿದಾಡಿದರು. ನಾನೂ ದುಡ್ಡು ಕೊಡೋಕೆ ಹೋಗಿದ್ದೆ. ಬೈದು ಕಳಿಸಿದರು. 2015ರಲ್ಲಿ ಮತ್ತೆ ಮನೆ ಕೊಂಡಾಗ ಅವರ ಮೂಲಕವೇ ಕೊಂಡೆವು, ನನ್ನ ತಮ್ಮನೂ, ಇಬ್ಬರು ಸಹೋದ್ಯೋಗಿಗಳೂ ಅಲ್ಲಿಗೇ ಹೋದರು. ನಿಮ್ಮ ಅಣ್ಣನಿಗೆ ಇದನ್ನು ಹೇಳಿ. ಕೊಡುವ ಮನಸ್ಸಿದ್ದರೆ ಗಿರಾಕಿ ಕೊಡಲಿ.

ಇನ್ನೊಂದು. ಬ್ಯಾಂಕ್ ಬಿಟ್ಟುಕೊಟ್ಟ ಸಾಲಕ್ಕೆ 1099-ಸಿ ಅಂತ ಟ್ಯಾಕ್ಸ್ ಕಾಗದ ಮನೆಗೆ ಬರಬಹುದು, ಬಿಟ್ಟ ಸಾಲವನ್ನು ಆದಾಯ ಅಂತ ಲೆಕ್ಕ ಹಿಡಿಯೋದಕ್ಕೆ. ವಾಸದ ಮನೆಗೆ ಇದ್ದ ಟ್ಯಾಕ್ಸ್ ವಿನಾಯಿತಿಯ ಅವಧಿ ಕಾಯಿದೆ ಪ್ರಕಾರ 2025ರ ಕೊನೆಯವರೆಗೆ ಇತ್ತು. ಅದಕ್ಕೇ ಅಣ್ಣ ಈಗಲೇ ಸಿಪಿಎ, ಅಂದರೆ ಟ್ಯಾಕ್ಸ್ ಲೆಕ್ಕ ನೋಡುವವರನ್ನು, ನೋಡಲಿ. ನನಗೆ ಆ ಕಾಗದ ಬಂದ ದಿನ ಊಟ ಸೇರಲಿಲ್ಲ, ಆಮೇಲೆ ನೋಡಿದರೆ ಒಂದು ಫಾರಂ ತುಂಬಿದರೆ ಮುಗಿಯುತ್ತಿತ್ತು.

ಮಲ್ನಾಡ್_ಟ್ರೇಸಿ:

ಎಲ್ಲರಿಗೂ ಒಂದು ಅಪ್‌ಡೇಟ್ ಕೊಡೋಣ ಅಂತ ಬಂದೆ. ಮೊನ್ನೆ ಗುರುವಾರ ಕ್ಲೋಸ್ ಆಯಿತು. ಪತ್ರದ ಅವಧಿ ಮುಗಿಯೋಕೆ ನಾಲ್ಕು ದಿನ ಇತ್ತು.

ಬ್ರೋಕರ್ ಹತ್ತಿರ ನೋಟ್‌ಬುಕ್ ಇಟ್ಟು ಮಾತಾಡಿದೆ. 85-15 ಕೇಳಿದೆ. ಅವರು ಕಾಫಿ ಕುಡಿಯುತ್ತಾ ಪುಟ ತಿರುವಿದರು. ಒಂದು ಪುಟದಲ್ಲಿ "ಹೋಲ್ಡ್ 1 ಗಂಟೆ 50 ನಿಮಿಷ, ಕಟ್" ಅಂತ ಬರೆದಿದ್ದೆ, ಅದನ್ನು ನೋಡಿ ನಕ್ಕರು. 80-20ಕ್ಕೆ ಒಪ್ಪಿದರು, ಅದನ್ನು ಬರೆದೂ ಕೊಟ್ಟರು. 13,760. ಮುಂದಿನ ಶಾರ್ಟ್ ಸೇಲ್ ಬಂದರೆ ಆಫೀಸಿನಲ್ಲಿ ಅದು ನನ್ನದೇ ಅಂತಲೂ ಹೇಳಿದರು. ಇದು ಬಹುಮಾನವೋ ಶಿಕ್ಷೆಯೋ ಇನ್ನೂ ಗೊತ್ತಾಗಿಲ್ಲ.

ಎರಡನೇ ಬ್ಯಾಂಕ್ ಎಸ್‌ಬಿ 458 ಈಮೇಲ್ ಹೋದ ಎರಡೇ ದಿನಕ್ಕೆ ಸುಮ್ಮನಾಯಿತು. ನೀರಿನ ಬಿಲ್ ಮಾತ್ರ 186 ಡಾಲರ್ ಬಾಕಿ ಇತ್ತು. ಅಕ್ಕ ಹೇಳಿದ ಹಾಗೇ ಮುಂಚೆಯೇ ಕೇಳಿದ್ದರಿಂದ ಅದನ್ನು ಅಣ್ಣ ಮೊದಲೇ ಕಟ್ಟಿಬಿಟ್ಟಿದ್ದರು. ಆ ಏಜೆಂಟ್ ಫ್ರೆಂಡಿನ ಕಂಪನಿ ವಿಷಯ ಮತ್ತೆ ಎತ್ತಲಿಲ್ಲ. ಈಮೇಲಿನಲ್ಲಿ ಬರೆದು ಕಳಿಸಿ ಅಂದಿದ್ದೆ, ಅಷ್ಟಕ್ಕೇ.

ಅಣ್ಣ, ಅತ್ತಿಗೆ ಆಸ್ಟಿನ್‌ಗೆ ಹೊರಟರು. ಹಿತ್ತಲಲ್ಲಿ ಆಳುದ್ದದ ಕರಿಬೇವಿನ ಗಿಡ ಒಂದು ದೊಡ್ಡ ಕುಂಡದಲ್ಲಿತ್ತು. ಅದನ್ನು ಈ ರಾಜ್ಯ ದಾಟಿಸಿ ಟೆಕ್ಸಾಸಿಗೆ ಒಯ್ಯೋ ಹಾಗಿಲ್ಲ, ನಿಂಬೆ ಜಾತಿಯ ಗಿಡಗಳಿಗೆ ರೋಗ ಹರಡೋ ಹುಳದ ಕಾಟ ಅಂತ ತಡೆ ಇದೆ. ಕೊಳ್ಳುವವರಿಗೂ ಬೇಡ ಅಂತೆ. ಅತ್ತಿಗೆ ಅದನ್ನು ನನ್ನ ಕಾರಿನಲ್ಲಿ ಇಡಿಸಿದರು. ಬೇಡ ಅನ್ನೋಕೆ ಆಗಲಿಲ್ಲ.

ಎಸ್ಕ್ರೋ ಅಕ್ಕ, ಇದನ್ನೂ ಬ್ಯಾಂಕಿಗೆ ತೋರಿಸಬೇಕಿತ್ತಾ?

ಎಸ್ಕ್ರೋ_ಅಕ್ಕ:

ಮೊದಲು ಫೋಟೋ ಹಾಕಿ. ಎಲೆ ನೋಡಿ ಯಾವ ಸಾಲಿನಲ್ಲಿ ಬರೀಬೇಕು ಅಂತ ಹೇಳುತ್ತೇನೆ. ಫ್ರೀಮಾಂಟಿಗೆ ಒಂದು ಕಡ್ಡಿ ಬಂದರೆ ತೋರಿಸಬೇಕಾಗಿಲ್ಲ.